ಕೈ ಸುಮ್ಮನಾದ ಮೇಲೆ

ನನ್ನ ಗಾಲ್ಫ್ ಗುರುಗಳು ತೀರಿಕೊಂಡ ಸುದ್ದಿ ಬಂದಾಗ ನಾನು ಶ್ರೀನಿವಾಸಪುರದ ನಮ್ಮ ಹೈಸ್ಕೂಲಿನ ಮೈದಾನದಲ್ಲಿ ಖೊಖೊ ಅಂಕಣಕ್ಕೆ ಸುಣ್ಣದ ಗೆರೆ ಎಳೆಸುತ್ತಿದ್ದೆ. ಮುಳಬಾಗಿಲಿನಿಂದ ಫೋನ್ ಮಾಡಿದವರು ಅವರ ಹೆಂಡತಿ. ‘ನಿಮ್ಮ ಸಾರ್ ಹೋಗ್ಬಿಟ್ರಮ್ಮ. ಬೆಳಿಗ್ಗೆ ಕಾಫಿ ಕುಡಿದು ಕೂತಿದ್ರು. ಹಾಗೇ ಹೋಗ್ಬಿಟ್ರು,’ ಎಂದರು. ಗೆರೆ ಸೊಟ್ಟಗಾಯಿತು ಎಂದು ಮಕ್ಕಳು ಕೂಗುತ್ತಿದ್ದರು. ಇರಲಿ ಬಿಡಿ ಎಂದು ಹೇಳಿ ಬೇವಿನ ಮರದ ಕಟ್ಟೆಯ ಮೇಲೆ ಕೂತುಬಿಟ್ಟೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಎದ್ದು ಕಾಣುವುದು ಅವರಿಗೆ ಬದುಕಿದ್ದಾಗಲೇ ಇಷ್ಟವಿರಲಿಲ್ಲ. ಗಾಲ್ಫ್ ಮೈದಾನದ ಗೇಟಿನ ಬಳಿ ತರಬೇತುದಾರರ ಹೆಸರಿರುವ ಬೋರ್ಡು ಹಾಕಿದಾಗ, ಅದರ ಬುಡದಲ್ಲಿ ಕಾಗದದ ಹೂವಿನ ಬಳ್ಳಿ ನೆಡಿಸಿ ನೀರು ಹಾಕಿಸಿ, ಒಂದೇ ಮಳೆಗಾಲದಲ್ಲಿ ತಮ್ಮ ಹೆಸರನ್ನು ಮುಚ್ಚಿಸಿದವರು ಅವರು.

ಆ ಮೈದಾನ ಇರುವುದು ಮಾಲೂರಿನ ಆಚೆ. ನಮ್ಮ ಅಪ್ಪ ಅಲ್ಲಿ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಶ್ರೀನಿವಾಸಪುರದ ಹತ್ತಿರದ ನಮ್ಮ ಹಳ್ಳಿಯಿಂದ ಅಮ್ಮ, ನಾನು ಅಲ್ಲಿನ ಕೆಲಸಗಾರರ ಮನೆಗಳಿಗೆ ಬಂದು ಸೇರಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಸಂಜೆ ಸದಸ್ಯರೆಲ್ಲ ಕಾರು ಹತ್ತಿ ಹೋದ ಮೇಲೆ ಅಪ್ಪ ಅಭ್ಯಾಸದ ಬಯಲಿನಲ್ಲಿ ಬಿದ್ದಿರುವ ಚೆಂಡುಗಳನ್ನು ಆರಿಸುತ್ತಿದ್ದರು. ನಾನೂ ಜೊತೆಗೆ ಹೋಗುತ್ತಿದ್ದೆ. ಯಾರೋ ಬೇಡವೆಂದು ಬಿಟ್ಟುಹೋಗಿದ್ದ ತುಕ್ಕು ಹಿಡಿದ ಗಾಲ್ಫ್ ಕೋಲೊಂದು ಸಿಕ್ಕಿತ್ತು. ಆರಿಸಿದ ಚೆಂಡುಗಳಲ್ಲಿ ಕೆಲವನ್ನು ಅದರಿಂದ ಮತ್ತೆ ಹೊಡೆದು, ಮತ್ತೆ ಆರಿಸಿ ತರುವುದು ನನ್ನ ಆಟ.

ಒಂದು ಸಂಜೆ ಹಿಂದಿನಿಂದ ದನಿ ಬಂತು. ‘ಇನ್ನೊಂದ್ಸಲ ಹೊಡಿ.’

ತಿರುಗಿದರೆ ತೆಳ್ಳಗೆ, ಎತ್ತರಕ್ಕೆ, ಹ್ಯಾಟನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಅವರ ಬಲಗೈ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಎಡಗೈ ಮಾತ್ರ ಬೇರೆ ಯಾರದೋ ಎನ್ನುವಷ್ಟು ಬೆಳ್ಳಗಿತ್ತು. ಗಾಲ್ಫ್ ಆಡುವವರು ಎಡಗೈಗೆ ಮಾತ್ರ ಗವಸು ಹಾಕುತ್ತಾರೆ ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಯಾವುದೋ ಕಾಯಿಲೆ ಇರಬೇಕು ಎಂದುಕೊಂಡೆ.

ಅಪ್ಪ ಟ್ರ್ಯಾಕ್ಟರಿನಿಂದ ಇಳಿದು ಓಡಿಬಂದರು. ‘ಹುಡುಗಾಟಕ್ಕೆ ಮಾಡ್ತಾಳೆ ಸಾರ್. ಇನ್ಮೇಲೆ ಮುಟ್ಟಲ್ಲ.’

‘ಮುಟ್ಲಿ ಬಿಡಪ್ಪ,’ ಎಂದು ನನ್ನ ಕಡೆ ತಿರುಗಿದರು. ‘ಹೊಡಿ ಅಮ್ಮಾಯಿ.’

ಹೊಡೆದೆ. ಅವರು ಚೆಂಡನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು ನಿಂತಿದ್ದರು.

‘ಊರಲ್ಲಿ ಏನ್ ಮಾಡ್ತಿದ್ದೆ?’

‘ಸ್ಕೂಲಿಗೆ ಹೋಗ್ತಿದ್ದೆ ಸಾರ್.’

‘ಅದಲ್ಲ. ಕೈಯಲ್ಲಿ ಏನ್ ಕೆಲಸ ಮಾಡ್ತಿದ್ದೆ?’

ಯೋಚಿಸಿ, ‘ಹುಣಸೆಕಾಯಿ ಬಡೀತಿದ್ದೆ,’ ಎಂದೆ.

‘ಅದೀ!’ ಎಂದು, ಅದೇ ಸರಿ ಎನ್ನುವಂತೆ, ತೆಲುಗಿನಲ್ಲಿ ಹೇಳಿ ತೊಡೆ ತಟ್ಟಿಕೊಂಡು ನಕ್ಕರು. ನನ್ನ ಅಪ್ಪನೂ ಏನೆಂದು ತಿಳಿಯದೆ ನಕ್ಕರು.

ಅವರ ನಗುವಿಗೆ ಕಾರಣ ನನಗೆ ತಿಳಿದದ್ದು ಪಾಠ ಶುರುವಾದ ಮೇಲೆ. ಕೋಲನ್ನು ಹಿಂದಕ್ಕೆ ಎತ್ತಿದಾಗ ಮಣಿಕಟ್ಟು ಮಡಚಿಕೊಳ್ಳುತ್ತದೆ. ಕೋಲು ಕೆಳಗೆ ಬರುವಾಗ ಆ ಮಡಿಕೆ ಯಾವಾಗ ಬಿಚ್ಚಿಕೊಳ್ಳಬೇಕು ಎನ್ನುವುದರಲ್ಲೇ ಅರ್ಧ ಆಟ ಇದೆ. ಚೆಂಡಿಗೆ ಮೊದಲೇ ಬಿಚ್ಚಿಕೊಂಡರೆ ಇದ್ದ ಬಲವೆಲ್ಲ ಗಾಳಿಗೆ ಹೋಗುತ್ತದೆ. ಉದ್ದನೆಯ ಬಿದಿರಿನ ಗಳುವಿನಿಂದ ಹುಣಸೆ ಕೊಂಬೆ ಬಡಿಯುವವರ ಕೈ ತಾನಾಗಿ ಕಾಯುವುದನ್ನು ಕಲಿಯುತ್ತದೆ. ಗಳುವಿನ ತುದಿ ಭಾರ, ಅದು ನಿಧಾನವಾಗಿ ಬರುತ್ತದೆ. ಕೈ ಮೊದಲು ಬಂದು, ತುದಿ ಕೊನೆಗೆ ಬಂದು ಬಡಿಯುತ್ತದೆ. ‘ಇದನ್ನ ಕಲಿಸೋಕೆ ನಾನು ದೊಡ್ಡ ದೊಡ್ಡವರ ಹತ್ರ ವರ್ಷಗಟ್ಟಲೆ ಒದ್ದಾಡ್ತಿದೀನಿ. ನೀನು ಮನೆಯಿಂದ್ಲೇ ತಂದಿದೀಯ,’ ಎನ್ನುತ್ತಿದ್ದರು.

ಅಂದಿನಿಂದ ಅವರು ನನಗೆ ಕಲಿಸಿದರು. ಸದಸ್ಯರು ಬರುವ ಮೊದಲು ಬೆಳಗ್ಗೆ, ಅವರು ಹೋದ ಮೇಲೆ ಸಂಜೆ. ಎಲ್ಲವನ್ನೂ ತಿದ್ದುತ್ತಿದ್ದರು. ನಿಲ್ಲುವುದು, ಉಸಿರಾಡುವುದು, ಶೂ ಲೇಸು ಕಟ್ಟುವುದು. ಲೇಸು ಬಿಗಿಯಾದರೆ ಪಾದ ನೆಲವನ್ನು ಹಿಡಿಯುವುದಿಲ್ಲ ಎಂದು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು. ಅಮ್ಮ ನನಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ ದಿನ, ‘ಇವತ್ತು ತಲೆ ಯಾಕೆ ಹಿಂಗೆ ಎತ್ತಿದೀಯ? ಜಡೆ ಎಳೀತಿದೆ, ಸಡಿಲ ಮಾಡ್ಕೊಂಡು ಬಾ ಹೋಗು,’ ಎಂದು ಕಳಿಸಿದ್ದರು. ನಾಡಿ ನೋಡುವ ವೈದ್ಯರಂತೆ ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ‘ನಿಧಾನ, ನಿಧಾನ, ಈಗ,’ ಎನ್ನುತ್ತಿದ್ದರು. ಕ್ಯಾಂಟೀನಿನಲ್ಲಿ ಸಾರಿನ ಸೌಟು ಕೈಗೆ ಸಿಕ್ಕಿದರೆ ಸೌಟಿನಲ್ಲೇ ಬೀಸಿ ತೋರಿಸುತ್ತಿದ್ದರು. ಬಡಿಸುವವರು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು.

ಒಂದು ದಿನ ನನ್ನ ಕಣ್ಣಿಗೆ ಟವೆಲ್ ಕಟ್ಟಿ ಎರಡು ಕೋಲುಗಳನ್ನು ಒಂದಾದ ಮೇಲೊಂದು ಕೊಟ್ಟು ಬೀಸಿಸಿದರು. ಒಂದರ ತಲೆಯ ಹಿಂದೆ ಸೀಸದ ಪಟ್ಟಿ ಅಂಟಿಸಿದ್ದರು. ಇನ್ನೊಂದರ ಹಿಡಿಯೊಳಗೆ ಸೀಸದ ತುಂಡು ತೂರಿಸಿದ್ದರು.

‘ಯಾವುದು ಭಾರ?’

‘ಮೊದಲನೇದು ಸಾರ್.’

ಟವೆಲ್ ಬಿಚ್ಚಿ ತಕ್ಕಡಿಯಲ್ಲಿಟ್ಟು ತೋರಿಸಿದರು. ಎರಡೂ ಒಂದೇ ತೂಕ. ‘ಭಾರ ಎಷ್ಟಿದೆ ಅನ್ನೋದಲ್ಲ, ಎಲ್ಲಿದೆ ಅನ್ನೋದು. ತುದಿ ಭಾರ ಆದ್ರೆ ಕೋಲು ಕೈಯನ್ನ ಎಳ್ಕೊಂಡು ಹೋಗುತ್ತೆ. ಹಿಡಿ ಭಾರ ಆದ್ರೆ ಕೈ ಸುಮ್ನಾಗುತ್ತೆ, ಜಾಸ್ತಿ ಆಟ ಆಡಲ್ಲ,’ ಎಂದರು. ಆ ಪಾಠ ನನಗೆ ಒಂದು ತಮಾಷೆಯಂತಿತ್ತು. ಮನೆಗೆ ಹೋಗಿ ಲಟ್ಟಣಿಗೆ, ಪೊರಕೆ ಎಲ್ಲವನ್ನೂ ಬೀಸಿ ನೋಡಿ ಅಮ್ಮನ ಹತ್ತಿರ ಬೈಸಿಕೊಂಡೆ.

ಅವರ ಕಿವಿ ಬಹಳ ಸೂಕ್ಷ್ಮ. ಕೋಲು ಬೀಸುವಾಗ ಬರುವ ‘ಸುಯ್’ ಸದ್ದು ಚೆಂಡಿಗೆ ತಗಲುವ ಮೊದಲೇ ಬರುತ್ತದೋ, ಚೆಂಡು ದಾಟಿದ ಮೇಲೆ ಬರುತ್ತದೋ ಎಂದು ಕೇಳಿಯೇ ಕೈ ಬಿಚ್ಚಿಕೊಂಡದ್ದು ಯಾವಾಗ ಎಂದು ಹೇಳುತ್ತಿದ್ದರು. ನನ್ನದು ಚೆಂಡು ದಾಟಿದ ಮೇಲೆ ಬರುತ್ತಿತ್ತು. ಅವರಿಗೆ ಅದು ಸಂಗೀತ. ಒಂದು ಸಲ ನಾನು, ‘ಸಾರ್, ನಿಮ್ಮದು ಬೀಸಿ, ನಾನು ಕೇಳ್ತೀನಿ,’ ಎಂದೆ. ಬೇಡ ಎಂದರು. ನಾನು ಬಿಡಲಿಲ್ಲ. ಬೀಸಿದರು. ನೋಡಲು ಎಷ್ಟು ಚೆಂದ! ಆದರೆ ಸದ್ದು ಮೊದಲೇ ಬಂದುಬಿಟ್ಟಿತು. ಅವರೇ, ‘ಕೇಳಿಸ್ತಲ್ಲ?’ ಎಂದು ಕೋಲನ್ನು ಚೀಲಕ್ಕೆ ಹಾಕಿದರು.

ಅವರ ಹಳೆಯ ಕತೆ ನನಗೆ ಅಪ್ಪನಿಂದ ಗೊತ್ತಾಯಿತು. ಮುಳಬಾಗಿಲಿನ ಶಾಲಾ ಮೇಷ್ಟ್ರೊಬ್ಬರ ಮಗ. ಬೆಂಗಳೂರಿಗೆ ಓದಲು ಹೋದವರು ಅಲ್ಲಿ ಈ ಆಟಕ್ಕೆ ಬಿದ್ದು, ಕೆಲವು ವರ್ಷ ವೃತ್ತಿ ಆಟಗಾರರಾಗಿ ಊರೂರು ಸುತ್ತಿದ್ದರು. ಒಂದು ದೊಡ್ಡ ಪಂದ್ಯದಲ್ಲಿ ಕೊನೆಯ ದಿನದವರೆಗೆ ಎಲ್ಲರಿಗಿಂತ ಮುಂದಿದ್ದರು. ಕೊನೆಯಲ್ಲಿ ಒಂದು ಕೆರೆ ದಾಟಿಸಿ ಹೊಡೆಯಬೇಕಾದಾಗ ಕೈ ಅವಸರ ಮಾಡಿತು. ಚೆಂಡು ಎಡಕ್ಕೆ ಹೊರಳಿ ನೀರಿಗೆ ಬಿತ್ತು. ಆಮೇಲೆ ಪ್ರತಿ ಪಂದ್ಯದಲ್ಲೂ ಆ ಘಳಿಗೆ ಬಂದಾಗ ಅದೇ ಕೈ ಅದೇ ಅವಸರ ಮಾಡತೊಡಗಿತು. ಕೊನೆಗೆ ಹಿಡಿಯೊಳಗೆ ಸೀಸ ತುಂಬಿಸಿಕೊಂಡು ಕೈಯನ್ನು ಸ್ವಲ್ಪ ಹದ್ದುಬಸ್ತಿಗೆ ತಂದುಕೊಂಡರಂತೆ. ಆದರೆ ಅಷ್ಟರಲ್ಲಿ ಆಡುವ ವಯಸ್ಸು ದಾಟಿತ್ತು.

ನಾನು ಪಿಯುಸಿಗೆ ಸೇರಿದ ವರ್ಷ ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆ ಇತ್ತು. ಆಯ್ಕೆಯಾದರೆ ಪ್ರಯಾಣ, ಸಲಕರಣೆ, ಓದು ಎಲ್ಲವನ್ನೂ ನೋಡಿಕೊಳ್ಳುವವರಿದ್ದರು. ಅದಿಲ್ಲದೆ ಟ್ರ್ಯಾಕ್ಟರ್ ಓಡಿಸುವವರ ಮಗಳು ಈ ಆಟದಲ್ಲಿ ಮುಂದೆ ಹೋಗುವ ದಾರಿ ಇರಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಆಯ್ಕೆಗೆ ಇನ್ನೂ ಹಲವು ತಿಂಗಳಿದ್ದಾಗ ನಮ್ಮ ಮೈದಾನದಲ್ಲೇ ಒಂದು ಸಣ್ಣ ಪಂದ್ಯ ನಡೆಯಿತು. ಬೆಂಗಳೂರಿನಿಂದ ಬಂದ ಮಕ್ಕಳ ನಡುವೆ ನಾನು ಮುಂದಿದ್ದೆ. ಕೊನೆಯ ಹೊಡೆತಗಳಲ್ಲಿ ಒಂದು ಎಡಕ್ಕೆ ಹೊರಳಿ ಪೊದೆಗೆ ಬಿತ್ತು. ಹಾಗಿದ್ದೂ ನಾನೇ ಗೆದ್ದೆ. ಅಪ್ಪ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರು.

ಸಾರ್ ಮಾತ್ರ ಸಪ್ಪಗಿದ್ದರು. ‘ಆ ಹೊಡೆತದಲ್ಲಿ ಏನಾಯ್ತು?’ ಎಂದು ಕೇಳಿದರು.

‘ಕಾಲು ಜಾರ್ತು ಸಾರ್. ಬೆಳಿಗ್ಗೆ ಇಬ್ಬನಿ ಇತ್ತಲ್ಲ, ಮರದ ನೆರಳಲ್ಲಿ ಹುಲ್ಲು ಇನ್ನೂ ಒದ್ದೆ ಇತ್ತು.’

‘ಕಾಲಲ್ಲ. ಕೈಗೆ ಅವಸರ ಬಂದಿದೆ.’

‘ಇಲ್ಲ ಸಾರ್, ಜಾರಿದ್ದೇ.’

‘ನನಗೆ ಗೊತ್ತಮ್ಮ ಅದು ಹೆಂಗ್ ಶುರುವಾಗುತ್ತೆ ಅಂತ,’ ಎಂದರು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಹಿಂದೆ ಕಂಡಿರಲಿಲ್ಲ. ಇಷ್ಟು ತಿಳಿದವರು ಹೇಳುತ್ತಿದ್ದಾರೆ ಎಂದರೆ ನಿಜವೇ ಇರಬೇಕು ಎಂದುಕೊಂಡೆ.

ಮರುದಿನ ನನ್ನ ಕೋಲುಗಳ ಹಿಡಿಗಳನ್ನೆಲ್ಲ ಬಿಚ್ಚಿ ಒಳಗೆ ಸೀಸ ತೂರಿಸಿದರು. ಮೊದಮೊದಲು ಕೋಲು ನನ್ನದಲ್ಲ ಎನ್ನಿಸುತ್ತಿತ್ತು. ತುದಿ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಕ್ರಮೇಣ ಕೈ ಒಪ್ಪಿಕೊಂಡಿತು. ಚೆಂಡು ಗೆರೆ ಎಳೆದಂತೆ ನೇರವಾಗಿ ಹೋಗತೊಡಗಿತು, ಆದರೆ ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ನೋಡುತ್ತಿದ್ದ ಸದಸ್ಯರು ‘ಈಗ ಪಳಗಿದಳು,’ ಎನ್ನುತ್ತಿದ್ದರು. ಸಾರ್ ಕೂಡ ‘ಚೆನ್ನಾಗಿದೆ, ಚೆನ್ನಾಗಿದೆ,’ ಎನ್ನುತ್ತಿದ್ದರು. ಮುಂಚೆ ಒಳ್ಳೆಯ ಹೊಡೆತಕ್ಕೆ ಅವರ ಬಾಯಿಂದ ತಾನಾಗಿ ಬರುತ್ತಿದ್ದ ‘ಅದೀ’ ಮಾತ್ರ ಬರುತ್ತಿರಲಿಲ್ಲ. ಅದನ್ನು ಅವರೂ ಗಮನಿಸಿರಲಿಲ್ಲ ಎಂದು ಕಾಣುತ್ತದೆ.

ಆಯ್ಕೆ ನಡೆದದ್ದು ಬೆಂಗಳೂರಿನಲ್ಲಿ. ಹೊಸ ಮೈದಾನ, ಉದ್ದನೆಯ ದಾರಿಗಳು. ನನ್ನ ಚೆಂಡುಗಳು ನೇರವಾಗಿ ಹೋಗಿ ಅರ್ಧದಲ್ಲೇ ಬೀಳುತ್ತಿದ್ದವು. ಬೇರೆ ಹುಡುಗಿಯರು ಒಂದು ಹೊಡೆತದಲ್ಲಿ ತಲುಪುವ ಕಡೆಗೆ ನಾನು ಎರಡು ಹೊಡೆಯಬೇಕಿತ್ತು. ಹಿಂದೆ ಬೀಳುತ್ತಿದ್ದೇನೆ ಎಂದು ತಿಳಿದು ಬಲ ಹಾಕಲು ನೋಡಿದೆ. ಹಳೆಯ ಕೈಯನ್ನು ಕರೆದೆ. ಅದು ಬರಲಿಲ್ಲ. ಮಣಿಕಟ್ಟು ಬಿಚ್ಚಿಕೊಳ್ಳಲಿಲ್ಲ, ಕೋಲಿನ ಮುಖ ಬಲಕ್ಕೆ ತೆರೆದೇ ಉಳಿಯಿತು, ಚೆಂಡು ಬಲಕ್ಕೆ ಸರಿದು ಮರಗಳ ಒಳಗೆ ಹೋಯಿತು. ಮುಂದಿನದೂ ಹಾಗೇ. ಸಾರ್ ನೋಡುವವರಿಗೆಂದು ಕಟ್ಟಿದ ಹಗ್ಗದ ಆಚೆ ನಿಂತು ನೋಡುತ್ತಿದ್ದರು. ಅವಸರದ ಕೈಯಿಂದ ಅವರದು ಎಡಕ್ಕೆ ಹೋಗಿತ್ತು, ಸುಮ್ಮನಾದ ಕೈಯಿಂದ ನನ್ನದು ಬಲಕ್ಕೆ. ಅದರ ಅರ್ಥ ಏನು ಎಂದು ಆ ಇಡೀ ಮೈದಾನದಲ್ಲಿ ತಿಳಿದಿದ್ದವರು ಅವರೊಬ್ಬರೇ.

ಸಾರ್, ಅಪ್ಪ, ನಾನು ರೈಲಿನಲ್ಲಿ ಹಿಂತಿರುಗಿದೆವು. ಅಪ್ಪ ನಮ್ಮಿಬ್ಬರಿಗೂ ಕಡಲೆಕಾಯಿ ಕೊಡಿಸಿದರು, ಇಬ್ಬರೂ ತಿನ್ನಲಿಲ್ಲ. ಮಾಲೂರಿನಲ್ಲಿ ಇಳಿದು, ಅಪ್ಪ ಆಟೋ ಕರೆಯಲು ಹೋದಾಗ ಸಾರ್ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತರು.

‘ನಿನ್ ಕಾಲು ಜಾರಿತ್ತು ಅಲ್ವಾ ಅವತ್ತು?’

‘ಹೂಂ ಸಾರ್.’

‘ನನ್ನ ಜಬ್ಬಿಗೆ, ನನ್ನ ಕಾಯಿಲೆಗೆ, ನಿನಗೆ ಔಷಧಿ ಕುಡಿಸ್ಬಿಟ್ಟೆ ಅಮ್ಮಾಯಿ.’

ನಾನು ಪರವಾಗಿಲ್ಲ ಸಾರ್ ಎಂದೆ. ಅವರು ತಲೆ ಎತ್ತಲಿಲ್ಲ.

ಮರುದಿನ ಬ್ಲೇಡಿನಿಂದ ಹಿಡಿಗಳನ್ನು ಕುಯ್ದು ಸೀಸ ತೆಗೆದರು. ತುದಿಗೆ ಪಟ್ಟಿ ಅಂಟಿಸಿ ಕೈಯನ್ನು ಎಬ್ಬಿಸಲು ನೋಡಿದರು. ನೀರಲ್ಲಿ ನೆನೆಸಿದ ಹಗ್ಗ ಬೀಸಿಸಿದರು. ಕೊನೆಗೆ ಒಂದು ದಿನ ಎಲ್ಲಿಂದಲೋ ಬಿದಿರಿನ ಗಳುವೊಂದನ್ನು ತಂದು, ನನ್ನನ್ನು ಗೇಟಿನಾಚೆಯ ಹುಣಸೆ ಮರದ ಕೆಳಗೆ ನಿಲ್ಲಿಸಿ, ‘ಬಡಿ, ಏನೂ ಯೋಚ್ನೆ ಮಾಡದೆ ಬಡಿ,’ ಎಂದರು. ನಾನು ಬಡಿದೆ. ಬಡಿಯುವಾಗಲೂ ಮಣಿಕಟ್ಟು ಏನು ಮಾಡುತ್ತಿದೆ ಎಂದು ನೋಡುತ್ತಲೇ ಇದ್ದೆ. ಮುಂಚೆ ನನಗೆ ಕೈ ಇದೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಈಗ ಪ್ರತಿ ಸಲವೂ ಗೊತ್ತಾಗುತ್ತಿತ್ತು. ಅವರು ಕಣ್ಣು ಮುಚ್ಚಿ ಕೇಳುತ್ತಾ ನಿಂತಿದ್ದವರು ಸ್ವಲ್ಪ ಹೊತ್ತಿನ ಮೇಲೆ ಬಂದು ಗಳುವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು.

ಪಿಯುಸಿ ಮುಗಿಯಿತು. ಪದವಿ, ಆಮೇಲೆ ದೈಹಿಕ ಶಿಕ್ಷಣದ ತರಬೇತಿ. ಅದನ್ನು ಓದು ಎಂದವರೂ ಅವರೇ, ಪ್ರವೇಶದ ದಿನ ಜೊತೆಗೆ ಬಂದು ಸಾಲಿನಲ್ಲಿ ನಿಂತವರೂ ಅವರೇ. ನನಗೆ ನೌಕರಿ ಸಿಕ್ಕಿತು, ಮದುವೆಯಾಯಿತು. ನನ್ನ ಬದುಕು ಕೆಟ್ಟಿತು ಎಂದು ನಾನು ಎಂದೂ ಅಂದುಕೊಂಡಿಲ್ಲ. ಹಾಗೆಂದು ಅವರಿಗೆ ಎಷ್ಟು ಸಲ ಹೇಳಿದರೂ ಅವರು ಬೇರೆ ಮಾತಿಗೆ ಹೋಗುತ್ತಿದ್ದರು.

ನನಗೆ ಇಂದಿಗೂ ನೋವಾಗುವುದು ಬೇರೆ ವಿಷಯಕ್ಕೆ. ನೌಕರಿ ಸಿಕ್ಕ ಮೇಲೆ ಒಂದು ರಜೆಯಲ್ಲಿ ಅವರನ್ನು ನೋಡಲು ಮೈದಾನಕ್ಕೆ ಹೋಗಿದ್ದೆ. ದಪ್ಪನೆಯ ಸದಸ್ಯರೊಬ್ಬರು ಬೀಸುತ್ತಿದ್ದರು. ಎಡ ಮೊಣಕೈ ಮಡಚಿ, ತಲೆ ಮೇಲೆತ್ತಿ, ಸೌದೆ ಒಡೆಯುವವರಂತೆ. ಸಾರ್ ಪಕ್ಕದಲ್ಲಿ ಕೈಕಟ್ಟಿ ನಿಂತು, ‘ಚೆನ್ನಾಗಿದೆ ಸಾರ್, ಚೆನ್ನಾಗಿದೆ,’ ಎನ್ನುತ್ತಿದ್ದರು.

ಆ ಸದಸ್ಯರು ಹೋದ ಮೇಲೆ, ‘ಸಾರ್, ಅವರ ಎಡಗೈ ನೋಡಿದ್ರಾ?’ ಎಂದೆ.

‘ನೋಡ್ದೆ.’

‘ಹೇಳ್ಬಹುದಿತ್ತಲ್ಲ ಸಾರ್?’

‘ಖುಷಿಯಾಗಿದಾರೆ, ಇರ್ಲಿ ಬಿಡು.’

ಅಷ್ಟರಲ್ಲಿ ಕೋಲಾರದಿಂದ ಒಬ್ಬ ತಾಯಿ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಶಾಲೆಯಲ್ಲಿ ಹಾಕಿ ಆಡುತ್ತಿದ್ದವಳು. ಸಾರ್ ಅವಳ ಕೈಗೆ ಕೋಲು ಕೊಟ್ಟು ಕಣ್ಣು ಮುಚ್ಚಿ ನಿಂತರು. ಅವಳು ಬೀಸಿದಳು. ನನಗೂ ಕೇಳಿಸಿತು. ಸದ್ದು ಚೆಂಡಿನ ಆಚೆ ಬಂದಿತ್ತು. ಸಾರ್ ಕಣ್ಣು ತೆರೆದು ಆ ತಾಯಿಗೆ ಬೆಂಗಳೂರಿನ ಬೇರೊಬ್ಬ ತರಬೇತುದಾರರ ವಿಳಾಸ ಹೇಳಿದರು. ‘ದೂರ ಆಗುತ್ತೆ ಸಾರ್, ದಿನಾ ಹೋಗಿ ಬರಕ್ಕಾಗಲ್ಲ. ನೀವೇ ಕಲಿಸಿ,’ ಎಂದು ಆಕೆ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ತಾಯಿ ಮಗಳು ಬಸ್ ಸ್ಟಾಪಿನ ಕಡೆ ನಡೆದು ಹೋಗುವುದನ್ನು ಇಬ್ಬರೂ ನೋಡುತ್ತಾ ನಿಂತೆವು.

‘ಅವಳ ಕೈ ಚೆನ್ನಾಗಿತ್ತಲ್ಲ ಸಾರ್?’

‘ಅದಕ್ಕೇನೇ,’ ಎಂದರು.

ಆ ಹುಡುಗಿ ಬೆಂಗಳೂರಿಗೆ ಹೋದಳೋ ಇಲ್ಲವೋ ನನಗೆ ಗೊತ್ತಿಲ್ಲ. ಹೋಗಿರಲಾರಳು. ನನ್ನ ನಂತರ ಅವರು ಯಾರಿಗೂ ಮನಸ್ಸಿಟ್ಟು ಕಲಿಸಲಿಲ್ಲ. ನಿವೃತ್ತರಾದ ಅಧಿಕಾರಿಗಳು, ಜಮೀನು ವ್ಯವಹಾರದವರು, ಹೊಟ್ಟೆ ಕರಗಿಸಲು ಬಂದವರು, ಇಂಥವರ ಪಕ್ಕದಲ್ಲಿ ನಿಂತು ಚೆನ್ನಾಗಿದೆ ಎಂದುಕೊಂಡೇ ವರ್ಷಗಳನ್ನು ಕಳೆದರು. ನನ್ನೊಬ್ಬಳ ವಿಷಯದಲ್ಲಿ ಆದ ತಪ್ಪಿಗೆ ಎಷ್ಟು ಮಕ್ಕಳು ಆ ಕಿವಿಯನ್ನು, ಮಣಿಕಟ್ಟಿನ ಮೇಲಿನ ಆ ಎರಡು ಬೆರಳನ್ನು ಕಳೆದುಕೊಂಡರು ಎಂದು ನೆನೆದರೆ ಸಂಕಟವಾಗುತ್ತದೆ.

ಕೊನೆಯ ಸಲ ಅವರನ್ನು ನೋಡಿದ್ದು ಮುಳಬಾಗಿಲಿನ ಅವರ ತಂದೆಯ ಕಾಲದ ಮನೆಯಲ್ಲಿ. ಕೆಲಸ ಬಿಟ್ಟು ಬಂದು ಸ್ವಲ್ಪ ಕಾಲವಾಗಿತ್ತು. ಗವಸು ಹಾಕದೆ ಎಡಗೈಯೂ ಬಲಗೈಯ ಬಣ್ಣಕ್ಕೆ ತಿರುಗಿತ್ತು. ಅವರ ಹೆಂಡತಿ ಕಾಫಿ ಕೊಟ್ಟು ನಮ್ಮ ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸಾರ್ ನನ್ನ ಶಾಲೆಯ ಮಕ್ಕಳ ಬಗ್ಗೆ ಕೇಳಿದರು.

‘ಒಬ್ಬಳು ಇದಾಳೆ ಸಾರ್, ಜಾವೆಲಿನ್ ಎಸೀತಾಳೆ. ಕೈ ವಿಚಿತ್ರವಾಗಿ ಬರುತ್ತೆ, ಆದ್ರೆ ಎಲ್ಲರಿಗಿಂತ ದೂರ ಹೋಗುತ್ತೆ.’

ಅವರು ಲೋಟ ಕೆಳಗಿಟ್ಟರು. ‘ನೀನೇನ್ ಹೇಳ್ದೆ?’

‘ಓಡೋದು ಮಾತ್ರ ತಿದ್ದಿದೆ ಸಾರ್. ಕೈ ಮುಟ್ಟಿಲ್ಲ.’

‘ಒಳ್ಳೇದು ಮಾಡ್ದೆ,’ ಎಂದರು. ಮತ್ತೆ ಲೋಟ ಎತ್ತಿಕೊಂಡು, ‘ಆದ್ರೆ ಅವಳ ಭುಜಕ್ಕೆ ನೋವಾಗೋ ಹಂಗಿದ್ರೆ ಮುಟ್ಟಬೇಕು. ನೋಡ್ಕೊಂಡು, ಕೇಳ್ಕೊಂಡು ಮುಟ್ಟು. ಅವಳು ಹೇಳಿದ್ದು ಮೊದ್ಲು ಕೇಳು. ನನ್ನ ಥರ ಹೆದ್ರಿಕೊಂಡು ಕೂತ್ಕೋಬೇಡ,’ ಎಂದರು.

ಅವರ ಹೆಂಡತಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದರು. ಈ ಮಾತನ್ನು ಆಕೆಯೂ ಮೊದಲ ಸಲ ಕೇಳುತ್ತಿದ್ದರು.

ಉತ್ತರಕ್ರಿಯೆಯ ದಿನ ಗಂಡ, ಮಗನ ಜೊತೆ ಮುಳಬಾಗಿಲಿಗೆ ಹೋದೆ. ಸಣ್ಣ ಬೀದಿಯ ತುಂಬ ಕಾರುಗಳು ನಿಂತಿದ್ದವು. ಮೈದಾನದ ಹಳೆಯ ಸದಸ್ಯರು ಅನೇಕರು ಬಂದಿದ್ದರು. ಅವರಿಗೆಲ್ಲ ನಿಜವಾಗಿಯೂ ದುಃಖವಾಗಿತ್ತು. ಊಟಕ್ಕೆ ನನ್ನ ಪಕ್ಕದ ಎಲೆಗೆ ಬಿಳಿಗೂದಲಿನ ಹಿರಿಯರೊಬ್ಬರು ಬಂದು ಕೂತರು. ಹತ್ತು ಹದಿನೈದು ವರ್ಷ ಸಾರ್ ಹತ್ತಿರ ಕಲಿತವರಂತೆ.

‘ಅಂಥ ಒಳ್ಳೆ ಮನುಷ್ಯ ಸಿಗಲ್ಲಮ್ಮ,’ ಎಂದರು. ‘ಇಷ್ಟು ವರ್ಷದಲ್ಲಿ ಒಂದೇ ಒಂದು ದಿನ ನಿಮ್ಮದು ತಪ್ಪು ಅಂತ ಹೇಳಿದವರಲ್ಲ. ಯಾರಿಗೂ ಹೇಳ್ತಿರ್ಲಿಲ್ಲ.’

ಕೋಸಂಬರಿ ಬಡಿಸುತ್ತಿದ್ದ ಸಾರ್ ಹೆಂಡತಿ ನಮ್ಮ ಎಲೆಗಳ ಮುಂದೆ ಬಂದು ನಿಂತರು.

‘ನನಗೆ ಹೇಳ್ತಿದ್ರು ಸಾರ್,’ ಎಂದೆ. ‘ದಿನಾ ಹೇಳ್ತಿದ್ರು.’